ಮೂರನೇ ವಾಲ್ವಿನ ಮುಚ್ಚಳ

ಡಿಸೆಂಬರ್ ಏಳು, ಶನಿವಾರ. ಬೆಳಿಗ್ಗೆ ಒಂಬತ್ತೂಕಾಲು. ಸ್ಥಳ, ಶಿವಮೊಗ್ಗದಲ್ಲಿ ನಾನು ಮೂವತ್ತನಾಲ್ಕು ವರ್ಷ ಬ್ಯಾಂಡ್ ಮೇಷ್ಟ್ರಾಗಿದ್ದ ಪ್ರೌಢಶಾಲೆಯ ವಾದ್ಯದ ಕೋಣೆ. ಹಾಜರಿದ್ದವರು ಮೂವರು: ಈಗಿನ ಮುಖ್ಯೋಪಾಧ್ಯಾಯಿನಿ, ಭದ್ರಾವತಿಯಿಂದ ಬಂದಿದ್ದ ಅರವತ್ತರ ಸಮೀಪದ ಒಬ್ಬ ಹೆಂಗಸು, ಮತ್ತು ನಾನು. ಮೇಜಿಗೆ ಹಸಿರು ಬಟ್ಟೆ ಹಾಸಿ ಅದರ ಮೇಲೆ ಶಾಲೆಯ ಹಳೆಯ ಹಿತ್ತಾಳೆ ಕಾರ್ನೆಟ್ ಇಟ್ಟಿದ್ದರು.

ಕಾರ್ನೆಟ್ ಎಂದರೆ ಟ್ರಂಪೆಟ್ಟಿನ ಗಿಡ್ಡ ತಮ್ಮ. ತುಟಿ ಇಟ್ಟು ಊದುವ ಸಣ್ಣ ಬಾಯಿ ಒಂದು ತುದಿಗೆ, ನಾದ ಹೊರಬರುವ ಅಗಲ ಬಾಯಿ ಇನ್ನೊಂದು ತುದಿಗೆ, ನಡುವೆ ಬೆರಳಿನಿಂದ ಒತ್ತುವ ಮೂರು ವಾಲ್ವುಗಳು. ನಮ್ಮ ಶಾಲೆಯ ಕಾರ್ನೆಟ್ಟಿನ ಅಗಲ ಬಾಯಿಯ ಮೇಲೆ ಕೋಳಿಮೊಟ್ಟೆಯ ಆಕಾರದ ಒಂದು ತಗಡು ಬೆಸೆದಿದೆ. ಅದರಲ್ಲಿ ಲಂಡನ್ನಿನ ಒಂದು ಕಂಪನಿಯ ಹೆಸರು, ಮೇಲೆ ಒಂದು ಕಿರೀಟ. ಈ ತಗಡು ಯಾಕೆ ಹೀಗೆ ಅಂಟಿಸಿದಂತಿದೆ ಎಂದು ಮಕ್ಕಳು ಕೇಳಿದಾಗಲೆಲ್ಲ, "ಅದು ಕಂಪನಿಯವರು ಒಳ್ಳೇ ವಾದ್ಯಕ್ಕೆ ಕೊಡೋ ಪದಕ" ಎಂದು ನಾನು ಹೇಳುತ್ತಿದ್ದೆ. ನಂಬುತ್ತಿದ್ದರು.

ಸೋಮವಾರ ಶಾಲೆಯ ಎಪ್ಪತ್ತೈದನೇ ವರ್ಷದ ಸಮಾರಂಭ. ಹಳೆಯ ವಸ್ತುಗಳ ಪ್ರದರ್ಶನವಿತ್ತು, ಕೊನೆಯಲ್ಲಿ ನನಗೊಂದು ಸನ್ಮಾನವೂ ಇತ್ತು. ಕಾರ್ನೆಟ್ಟಿನ ಮುಂದೆ ಇಡಬೇಕಾದ ಚೀಟಿಯನ್ನು ಹಿಂದಿನ ವಾರ ನಾನೇ ಹೇಳಿ ಬರೆಸಿದ್ದೆ: "ತಯಾರಿ: ಲಂಡನ್." ಪತ್ರಿಕೆಯಲ್ಲಿ ಅದರ ಫೋಟೊ ಬಂದಿತ್ತು. ಅದನ್ನು ನೋಡಿಯೇ ಆಕೆ ಬಂದಿದ್ದರು.

ಆಕೆ ಬಟ್ಟೆಯ ಚೀಲದಿಂದ ಒಂದು ಹಿತ್ತಾಳೆಯ ಕಾಫಿ ಫಿಲ್ಟರ್ ತೆಗೆದು ಕಾರ್ನೆಟ್ಟಿನ ಪಕ್ಕದಲ್ಲಿಟ್ಟರು.

"ಏನಮ್ಮಾ, ಕಾಫಿನೂ ತಂದುಬಿಟ್ರಾ?" ಎಂದು ಮುಖ್ಯೋಪಾಧ್ಯಾಯಿನಿ ನಕ್ಕರು.

"ಕಾಫಿ ಅಲ್ಲ ಮೇಡಂ, ಸಾಕ್ಷಿ. ಇದು ನಮ್ಮಪ್ಪ ಮಾಡಿದ್ದು. ಮುಚ್ಚಳ ತಿರುಗಿಸಿ ಒಳಗಡೆ ನೋಡಿ."

ಮುಚ್ಚಳದ ಒಳಗೆ ಅಡ್ಡಕ್ಕೆ ಮೂರು ಗೀರುಗಳಿದ್ದವು. ಒಂದರ ಕೆಳಗೊಂದು, ಸಮ ಅಂತರದಲ್ಲಿ.

"ವಿಭೂತಿ ಪಟ್ಟೆ ಥರ," ಎಂದರು ಆಕೆ. "ಅಪ್ಪ ಕಾರ್ಖಾನೇಲಿ ಟರ್ನರ್ ಆಗಿದ್ರು, ಲೋಹ ಕಡೆಯೋ ಕೆಲಸ. ಮನೆ ಹಿಂದೆ ಸ್ವಂತ ಲೇತ್ ಇಟ್ಕೊಂಡಿದ್ರು. ಏನು ಮಾಡಿದ್ರೂ ಕಣ್ಣಿಗೆ ಕಾಣದ ಜಾಗದಲ್ಲಿ ಈ ಮೂರು ಗೀರು ಹಾಕೋರು. ಹೆಸರು ಹಾಕ್ತಿರ್ಲಿಲ್ಲ. ಈ ವಾದ್ಯನೂ ತಾನೇ ಮಾಡಿದ್ದು ಅಂತ ಮನೇಲಿ ಹೇಳ್ತಿದ್ರು. ವಾಲ್ವಿನ ಕೆಳಗಿನ ಮುಚ್ಚಳ ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ. ಹೌದು ಅಂತಾದ್ರೆ ಆ ಚೀಟೀಲಿ ಅಪ್ಪನ ಹೆಸರು ಬರೀರಿ. ನಂಗೆ ಬೇಕಾಗಿರೋದು ಅಷ್ಟೇ."

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ನೋಡಿದರು. "ಸರ್, ನೀವೇ ಬಿಚ್ಚಬೇಕು. ನಮಗೆ ಎಲ್ಲಿ ಮುರಿದೀತೋ ಅಂತ ಭಯ."

ನಾನು ವಾದ್ಯವನ್ನು ಕೈಗೆತ್ತಿಕೊಂಡೆ. ಮುಂದೆ ಮಾಡಿದ್ದನ್ನು ಯೋಚಿಸಿಯೇ ಮಾಡಿದೆ, ಗಾಬರಿಯಲ್ಲಿ ಆದದ್ದಲ್ಲ. ಮೂರು ಮುಚ್ಚಳಗಳಲ್ಲಿ ಮೊದಲನೆಯದನ್ನು ಬಿಟ್ಟೆ, ಎರಡನೆಯದನ್ನು ಬಿಟ್ಟೆ, ಮೂರನೆಯದನ್ನು ಬಿಚ್ಚಿದೆ. ಒಳಗೆ ಮೂರು ಗೀರುಗಳಿದ್ದವು.

ಆಕೆಯ ಮುಖ ಅರಳಿತು. "ನೋಡಿ! ಇದೆ!"

"ಇದೆ ಅಮ್ಮಾ," ಎಂದೆ. "ಇದು ಮೂರನೇ ವಾಲ್ವು. ಅದಕ್ಕೇ ಮೂರು ಗೀರು. ಮುಚ್ಚಳ ಅದಲು ಬದಲು ಆಗ್ಬಾರ್ದು ಅಂತ ಕಂಪನಿ ಫಿಟ್ಟರ್‌ಗಳು ಹೀಗೆ ನಂಬರ್ ಹಾಕಿರ್ತಾರೆ. ಒಂದನೇದಕ್ಕೆ ಒಂದು, ಎರಡನೇದಕ್ಕೆ ಎರಡು."

"ಹಾಗಾದ್ರೆ ಒಂದನೇದು ಬಿಚ್ಚಿ ತೋರ್ಸಿ."

"ಹಳೇ ಥ್ರೆಡ್ಡು. ಸುಮ್ನೆ ಸುಮ್ನೆ ಬಿಚ್ಚಿದ್ರೆ ಸವೆದು ಹೋಗುತ್ತೆ. ಸೋಮವಾರ ಇದನ್ನ ಊದೋದಿದೆ."

ಆಕೆ ನನ್ನನ್ನೇ ನೋಡುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಮೆಲ್ಲನೆ, "ಸರ್ ಹೇಳಿದ್ಮೇಲೆ ಮುಗೀತು ಅಮ್ಮಾ. ಅಷ್ಟು ವರ್ಷ ಅವರ ಕೈಯಲ್ಲೇ ಇತ್ತು ಇದು," ಎಂದರು.

"ಹೌದು," ಎಂದರು ಆಕೆ ಫಿಲ್ಟರನ್ನು ಚೀಲಕ್ಕೆ ಹಾಕುತ್ತ. "ಅವರ ಕೈಯಲ್ಲೇ ಇತ್ತು." ತಮ್ಮ ವಿಳಾಸ ಬರೆದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಥ್ರೆಡ್ ಸವೆಯುವ ಮಾತು ಶುದ್ಧ ಸುಳ್ಳು. ಆ ಮೂರು ಮುಚ್ಚಳಗಳನ್ನು ನಾನು ಪ್ರತಿ ಶನಿವಾರ ಬಿಚ್ಚಿ ಒರೆಸಿ ಎಣ್ಣೆ ಹಾಕುತ್ತೇನೆ. ನಿವೃತ್ತಿಯಾದ ಮೇಲೂ ತಪ್ಪಿಸಿಲ್ಲ. ಒಂದನೆಯದರಲ್ಲೂ ಮೂರು ಗೀರು, ಎರಡನೆಯದರಲ್ಲೂ ಮೂರು ಗೀರು. ಅವುಗಳನ್ನು ಹಾಕಿದವರು ಯಾರೆಂದು ನಲವತ್ತೇಳು ವರ್ಷಗಳಿಂದ ನನಗೆ ಗೊತ್ತಿದೆ. ಆ ಶನಿವಾರ ಮಾತ್ರ ಒರೆಸುವ ಕೆಲಸ ಮಾಡದೆ, ಕಾರ್ನೆಟ್ಟನ್ನು ಕಪಾಟಿನಲ್ಲಿಟ್ಟು ಮನೆಗೆ ಬಂದೆ.

ನಡೆದದ್ದು ಇಷ್ಟು. ನನ್ನ ತಂದೆ ಮೀಸಲು ಪೊಲೀಸ್ ಪಡೆಯಲ್ಲಿ ಹವಾಲ್ದಾರರಾಗಿದ್ದರು. ನಮ್ಮ ಮನೆಯಲ್ಲಿ ಚಪ್ಪಲಿಗಳೂ ಸಾಲಾಗಿ ನಿಲ್ಲುತ್ತಿದ್ದವು. ಆ ಅಭ್ಯಾಸವನ್ನೇ ಶಾಲೆಗೆ ತಂದೆ. ಮೆರವಣಿಗೆಗೆ ಹೋಗುವ ಮುಂಚೆ, ಬಂದ ಮೇಲೆ, ಎಲ್ಲ ವಾದ್ಯಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಪಟ್ಟಿ ಹಿಡಿದು ಎಣಿಸುವುದು ನನ್ನ ನಿಯಮ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಆಗಸ್ಟ್ ಹದಿನೈದರ ಪೆರೇಡ್ ಮುಗಿಸಿ ವಾದ್ಯಗಳನ್ನು ಲಾರಿಗೆ ಹತ್ತಿಸಬೇಕಿತ್ತು. ಸಾಲಾಗಿ ಇಡಿಸಿದೆ. ಲಾರಿಯನ್ನು ಹಿಂದಕ್ಕೆ ಕರೆಯುತ್ತಿದ್ದವನೂ ನಾನೇ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದು ಕೈ ಮೇಲೆ. "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತ ಪಟ್ಟಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ. ಸಾಲಿನ ಕೊನೆಯಲ್ಲಿದ್ದ ಕಾರ್ನೆಟ್ಟಿನ ಮೇಲೆ ಹಿಂದಿನ ಚಕ್ರ ಹತ್ತಿತು. ಒಣಗಿದ ತೆಂಗಿನ ಚಿಪ್ಪು ಒಡೆದಂಥ ಸದ್ದು, ಅಷ್ಟೇ. ಮಕ್ಕಳು ಆಗಲೇ ಸಿಹಿ ಹಂಚುವ ಕಡೆ ಓಡಿದ್ದರು; ನೋಡಿದವರು ನಾನು, ಡ್ರೈವರ್ ಇಬ್ಬರೇ.

ಆ ಕಾರ್ನೆಟ್ ನಿಜವಾಗಿಯೂ ಲಂಡನ್ನಿನದು. ಶಾಲೆ ಶುರುವಾದಾಗ ಒಬ್ಬ ದಾನಿ ಕೊಟ್ಟದ್ದು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಆಗಿನ ಹೆಡ್‌ಮಾಸ್ಟರು ಕಾರ್ನೆಟ್ಟನ್ನು ನನ್ನ ಕೈಗೆ ಕೊಡುವಾಗ, "ಇದಕ್ಕೆ ಏನಾದ್ರೂ ಆದ್ರೆ ನಿಮಗೂ ಆಗುತ್ತೆ" ಎಂದು ಎಚ್ಚರಿಸಿದ್ದರು. ಜಜ್ಜಿಹೋದ ವಾದ್ಯವನ್ನು ಯೂನಿಫಾರ್ಮ್ ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ಭದ್ರಾವತಿಗೆ ಹೋದೆ. ಕಾರ್ಖಾನೆಯ ಸೈರನ್ ಕೇಳಿ ಊರಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಮದುವೆ ಬ್ಯಾಂಡಿನವರು ತಮ್ಮ ವಾದ್ಯಗಳನ್ನು ರಿಪೇರಿಗೆ ಕೊಡುತ್ತಿದ್ದ ಒಬ್ಬ ತಮಿಳು ಟರ್ನರ್ ಅಲ್ಲಿದ್ದರು. ಮನೆಯ ಹಿಂದೆ ತಗಡಿನ ಶೆಡ್ಡು, ಕಾಲಿನಲ್ಲಿ ತುಳಿಯುವ ಲೇತು.

ಅವರು ಬಟ್ಟೆ ಬಿಚ್ಚಿ ನೋಡಿದರು. "ಮೇಷ್ಟ್ರೇ, ಇದು ರಿಪೇರಿ ಇಲ್ಲ. ಇದಕ್ಕೆ ಎಳ್ಳು ನೀರು ಬಿಡ್ಬೇಕು."

ನಾನು ಅಳುವ ಸ್ಥಿತಿಯಲ್ಲಿದ್ದೆ. ಅವರು ಸ್ವಲ್ಪ ಹೊತ್ತು ಒಂದೊಂದು ಕೊಳವೆಯನ್ನೂ ತಿರುಗಿಸಿ ಅಳತೆ ತೆಗೆದುಕೊಂಡರು. ಆಮೇಲೆ, "ಹೊಸದೇ ಮಾಡಿದ್ರೆ ಆಗುತ್ತಾ?" ಎಂದರು, ತಮ್ಮನ್ನೇ ಕೇಳಿಕೊಂಡಂತೆ.

ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಹೆಡ್‌ಮಾಸ್ಟರಿಗೆ "ವಾಲ್ವ್ ರಿಪೇರಿಗೆ ಹೋಗಿದೆ" ಎನ್ನುತ್ತಿದ್ದೆ. ಪ್ರತಿ ಭಾನುವಾರ ಶೆಡ್ಡಿಗೆ ಹೋಗುತ್ತಿದ್ದೆ. ಹಿತ್ತಾಳೆಯ ಕೊಳವೆಯೊಳಗೆ ಕರಗಿಸಿದ ರಾಳ ತುಂಬಿ, ಅದು ಗಟ್ಟಿಯಾದ ಮೇಲೆ ಸುಕ್ಕಿಲ್ಲದಂತೆ ಬಗ್ಗಿಸುವುದನ್ನು ನೋಡಿದೆ. ಅಗಲ ಬಾಯಿಗಾಗಿ ಅವರು ಮೊದಲು ಉಕ್ಕಿನ ಒಂದು ಅಚ್ಚು ಕಡೆದರು; ತಗಡನ್ನು ಅದಕ್ಕೆ ಸುತ್ತಿ, ಬೆಸೆದು, ಬಡಿದು ಬಡಿದು ಅರಳಿಸಿದರು. ಮೂರು ವಾಲ್ವುಗಳನ್ನು ಒಂದರ ನಂತರ ಒಂದು ಕಡೆದು, ಸರಿಯಾಗಲಿಲ್ಲವೆಂದು ಎರಡು ಸಲ ಎಸೆದರು. ಹಳೆಯದರಿಂದ ಉಳಿದದ್ದು ತುಟಿ ಇಡುವ ಬಾಯಿ ಒಂದೇ. ಅವರಿಗೆ ಊದಲು ಬರುತ್ತಿರಲಿಲ್ಲ. ಮುಗಿದ ದಿನ ಕೆನ್ನೆ ಉಬ್ಬಿಸಿ ಒಂದು ಸ್ವರ ಹೊರಡಿಸಿದರು. ಪಕ್ಕದ ಮನೆಯಿಂದ ಯಾರೋ, "ಯಾವ ಕತ್ತೆ ತಂದಿದ್ದೀಯಪ್ಪಾ?" ಎಂದು ಕೂಗಿದರು. ನಾನು ಇಸಿದುಕೊಂಡು ಊದಿದೆ. ಕೂಗಿದವರು ಗೋಡೆಯ ಮೇಲಿಂದ ಇಣುಕಿ ಕೇಳುತ್ತ ನಿಂತರು. ಹಳೆಯ ಕಾರ್ನೆಟ್ಟಿಗಿಂತ ಇದರ ನಾದ ತುಂಬಿತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದು ಬೇರೆ.

"ಲಂಡನ್ ಹೆಸರು ಬೇಕು. ಇಲ್ಲದಿದ್ರೆ ನನ್ನ ಕೆಲಸ ಹೋಗುತ್ತೆ."

ಅವರು ಜಜ್ಜಿದ ಹಳೆಯ ಬಾಯಿಯಲ್ಲಿ ಹೆಸರಿದ್ದ ಭಾಗವನ್ನು ಮೊಟ್ಟೆಯಾಕಾರದಲ್ಲಿ ಕತ್ತರಿಸಿ, ಅಂಚು ಉಜ್ಜಿ, ಹೊಸದರ ಮೇಲೆ ಬೆಸೆದುಕೊಟ್ಟರು. ತಮ್ಮ ಕೆಲಸದ ಮೇಲೆ ಇನ್ನೊಬ್ಬರ ಹೆಸರನ್ನು ತಮ್ಮ ಕೈಯಿಂದಲೇ ಬೆಸೆದರು. ಸ್ಟಾಕ್ ರಿಜಿಸ್ಟರಿನಲ್ಲಿ ನಾನು ಬರೆದೆ: "ಕಾರ್ನೆಟ್ ಒಂದು. ಭದ್ರಾವತಿಯ ರಿಪೇರಿಯವರಿಂದ ದುರಸ್ತಿಯಾಗಿ ಬಂದಿದೆ."

ನೌಕರಿ ಖಾಯಂ ಆದ ಮೇಲೆ ನಿಜ ಹೇಳಬಹುದಿತ್ತು. ಆ ಹೆಡ್‌ಮಾಸ್ಟರು ನಿವೃತ್ತರಾದ ಮೇಲೆ ಹೇಳಬಹುದಿತ್ತು. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೆ ಅಷ್ಟರಲ್ಲಿ ನನಗೆ ಆ ಸುಳ್ಳು ಒಗ್ಗಿಹೋಗಿತ್ತು. ಲಂಡನ್ ಕಾರ್ನೆಟ್ ಇರುವ ಶಾಲೆಯ ಬ್ಯಾಂಡ್ ಮೇಷ್ಟ್ರು ಎಂದು ಜಿಲ್ಲೆಯಲ್ಲಿ ನನ್ನನ್ನು ಕರೆಯುತ್ತಿದ್ದರು. ಒಂದು ವಾರ್ಷಿಕೋತ್ಸವದಲ್ಲಿ, ನಮ್ಮ ಹುಡುಗಿಯೊಬ್ಬಳು ಅದನ್ನು ಊದುವ ಮುಂಚೆ, ನಾನು ಮೈಕಿನಲ್ಲಿ ಹೇಳಿದೆ: "ಈ ನಾದ ಗಮನಿಸಿ. ಇಂಥ ವಾದ್ಯ ನಮ್ಮವರ ಕೈಯಲ್ಲಿ ಆಗೋದಿಲ್ಲ." ಹೇಳಿ ತಲೆಯೆತ್ತಿದಾಗ ಕೊನೆಯ ಸಾಲಿನಲ್ಲಿ ಬಿಳಿ ಪಂಚೆ, ಹಣೆಯ ಮೇಲೆ ಮೂರು ವಿಭೂತಿ ಪಟ್ಟೆ ಕಂಡವು.

ಕಾರ್ಯಕ್ರಮ ಮುಗಿದ ಮೇಲೆ ಆ ಟರ್ನರ್ ವೇದಿಕೆಯ ಪಕ್ಕಕ್ಕೆ ಬಂದರು. ಅವರು ಹೇಳಿದ್ದು ಇಷ್ಟೇ: "ಎರಡನೇದು ಸ್ವಲ್ಪ ಬಿಗಿ ಇದೆ ಮೇಷ್ಟ್ರೇ. ಎಣ್ಣೆ ಹಾಕಿ." ಹೋಗಿಬಿಟ್ಟರು. ಮತ್ತೆ ನಾನು ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ಮದುವೆ ಬ್ಯಾಂಡಿನವರಿಂದ ತಿಳಿಯಿತು. ಮಣ್ಣಿಗೆ ಹೋಗಲಿಲ್ಲ. ಆ ದಿನ ಶನಿವಾರ, ವಾದ್ಯ ಒರೆಸುವ ದಿನ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ.

ಡಿಸೆಂಬರ್ ಏಳಕ್ಕೆ ಮತ್ತೆ ಬರುತ್ತೇನೆ. ಹನ್ನೊಂದೂವರೆಗೆ ದಿನಚರಿ ಬರೆಯುವುದು ನನ್ನ ಪದ್ಧತಿ. "ಬೆ. 9.15, ಕಾರ್ನೆಟ್ ತಪಾಸಣೆ. ಫಲಿತಾಂಶ" ಎಂದು ಬರೆದು ಪೆನ್ನು ನಿಂತಿತು. ಅದುವರೆಗೆ ನಾನು ಸುಳ್ಳು ಹೇಳಿದ್ದು ಏನೂ ಗೊತ್ತಿಲ್ಲದ ಹೆಡ್‌ಮಾಸ್ಟರಿಗೆ, ರಿಜಿಸ್ಟರಿಗೆ, ಮೈಕಿಗೆ, ಮಕ್ಕಳ ಗುಂಪಿಗೆ. ಕಣ್ಣೆದುರು ಕೂತು, ನಿಜ ಗೊತ್ತಿದ್ದೇ ಕೇಳಿದ ಒಬ್ಬರಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ಅದೂ ಮೂರನೇ ಮುಚ್ಚಳವನ್ನು ಆರಿಸಿಕೊಂಡು. ವಾಕ್ಯವನ್ನು ಅಷ್ಟಕ್ಕೇ ಬಿಟ್ಟು ದಿನಚರಿ ಮುಚ್ಚಿದೆ.

ಹನ್ನೆರಡೂವರೆಗೆ ಊಟಕ್ಕೆ ಕೂರುವ ಬದಲು ಅಟ್ಟಕ್ಕೆ ಸ್ಟೂಲ್ ಹಾಕಿದೆ. ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಏನ್ರೀ ಇದು? ಊಟದ ಹೊತ್ತಿಗೆ ಊಟ ಬಿಟ್ಟಿದ್ದೀರಿ ಅಂದ್ರೆ ಜ್ವರ ಬಂದಿರ್ಬೇಕು. ಇಳೀರಿ ಮಾರಾಯ್ರೇ, ಎಪ್ಪತ್ತನಾಲ್ಕಕ್ಕೆ ಕಾಲು ಮುರ್ಕೊಂಡ್ರೆ ನನ್ನ ಕೈಯಲ್ಲಾಗಲ್ಲ."

"ಸ್ಟೂಲ್ ಹಿಡ್ಕೋ. ಆ ಗಂಟು ಬೇಕು."

"ಯಾವ್ದು, ನಿಮ್ಮ ಹಿತ್ತಾಳೆ ಗಂಟಾ? ಪ್ರತಿ ದೀಪಾವಳಿಗೂ ಗುಜರಿಗೆ ಹಾಕ್ಲಾ ಅಂತ ಕೇಳ್ತೀನಿ, ಪ್ರತಿ ದೀಪಾವಳಿಗೂ ಬೇಡ ಅಂತೀರಿ. ನಾನು ಈ ಮನೆಗೆ ಬರೋಕಿಂತ ಮುಂಚೆ ಬಂದಿರೋ ಸವತಿ ಅದು."

ಗಂಟನ್ನು ಕೆಳಗಿಳಿಸಿ ಬಿಚ್ಚಿದೆ. ಖಾಕಿ ಬಟ್ಟೆಯೊಳಗೆ ಜಜ್ಜಿದ ಕೊಳವೆಗಳು, ಮತ್ತು ಮೊಟ್ಟೆಯಾಕಾರದ ಕಿಂಡಿಯಿದ್ದ ಹಳೆಯ ಅಗಲ ಬಾಯಿ. ನಿಂತುಕೊಂಡೇ ಅವಳಿಗೆ ಎಲ್ಲ ಹೇಳಿದೆ, ಭದ್ರಾವತಿಗೆ ಹೊರಟಿದ್ದೇನೆಂದೂ ಹೇಳಿದೆ. ಅವಳು ಕಿಂಡಿಯೊಳಗೆ ಎರಡು ಬೆರಳು ತೂರಿಸಿ ನೋಡಿದಳು.

"ನಾನು ಏನೇನೋ ಅಂದ್ಕೊಂಡಿದ್ದೆ," ಎಂದಳು. "ಯಾರೋ ಊದ್ತಿದ್ದೋಳ ನೆನಪಿಗೆ ಇಟ್ಕೊಂಡಿದ್ದೀರಿ ಅಂತಾನೂ. ಅದಾಗಿದ್ರೇ ವಾಸಿಯಿತ್ತು." ಅಡುಗೆಮನೆ ಕಡೆ ತಿರುಗಿ, "ಬಡಿಸ್ತೀನಿ, ಉಂಡು ಹೋಗಿ. ಹಸ್ಕೊಂಡು ಹೋಗಿ ಅಲ್ಲಿ ತಲೆ ಸುತ್ತಿ ಬಿದ್ದು ಪಾಪ ಅನ್ನಿಸ್ಕೋಬೇಡಿ," ಎಂದಳು.

ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ವಿಳಾಸ ಕೇಳಿದೆ. ಯಾಕೆಂದು ಅವರು ಕೇಳಿದರು. ಸಂಜೆ ಐದೂವರೆಗೆ ಶಾಲೆಯಲ್ಲಿ ಹೇಳುತ್ತೇನೆ, ದಯವಿಟ್ಟು ಇರಿ ಎಂದೆ. ಒಂದೂ ನಲವತ್ತರ ಬಸ್ಸು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಲವಗೊಪ್ಪದಲ್ಲಿ ಹತ್ತಿದ ಒಬ್ಬಾತ ಪಕ್ಕದಲ್ಲಿ ಕೂತು, "ಪಾತ್ರೆ ಹಾಕ್ಸೋಕೆ ಹೊರಟ್ರಾ ಯಜಮಾನ್ರೇ? ಹಿತ್ತಾಳೆಗೆ ಈಗ ಒಳ್ಳೇ ರೇಟಿದೆ," ಎಂದ. ಹೂಂ ಎಂದೆ.

ಆಕೆಯ ಮನೆ ಭದ್ರಾವತಿಯ ಜನ್ನಾಪುರದ ಒಂದು ಅಡ್ಡರಸ್ತೆಯಲ್ಲಿತ್ತು. ಬಾಗಿಲು ತೆಗೆದು ನನ್ನನ್ನು ನೋಡಿ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಒಳಗೆ ಕೂರಿಸಿ ನೀರು ಕೊಟ್ಟರು.

"ಕಾಫಿ ಇಲ್ಲ ಮೇಷ್ಟ್ರೇ," ಎಂದರು. "ಫಿಲ್ಟರ್ ಸಾಕ್ಷಿ ಹೇಳೋಕೆ ಶಿವಮೊಗ್ಗಕ್ಕೆ ಬಂದಿತ್ತಲ್ಲ. ಸುಸ್ತಾಗಿದೆ ಅದಕ್ಕೆ."

ನಾನು ಗಂಟು ಬಿಚ್ಚಿ ಕಿಂಡಿಯಿದ್ದ ಅಗಲ ಬಾಯಿಯನ್ನು ಅವರ ಮುಂದೆ ಇಟ್ಟೆ. "ಲಂಡನ್ನಿಂದು ಇದು. ಶಾಲೇಲಿರೋದು ನಿಮ್ಮ ತಂದೆಯವರದ್ದು. ಮೂರು ಮುಚ್ಚಳದಲ್ಲೂ ಮೂರು ಮೂರು ಗೀರು ಇದೆ. ಬೆಳಿಗ್ಗೆ ನಾನು ಬೇಕಂತಲೇ ಮೂರನೇದು ಬಿಚ್ಚಿದೆ."

"ಗೊತ್ತು."

"ಗೊತ್ತಿತ್ತಾ?"

"ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ ನಾನು. ನೋವಿರೋ ಜಾಗ ಬಿಟ್ಟು ಬೇರೆ ಕಡೆ ತೋರಿಸೋರ್ನ ದಿನಾ ನೋಡಿದ್ದೀನಿ. ನಿಮ್ಮ ಕೈ ಒಂದನೇದರ ಮೇಲೆ ಹೋಗಿ ವಾಪಸ್ ಬಂತು." ಅವರು ಹಳೆಯ ಬಾಯಿಯನ್ನು ಎತ್ತಿ ಕಿಂಡಿಯ ಅಂಚನ್ನು ಸವರಿದರು. "ಅಪ್ಪನ ಅರದ ಗುರುತು ಹಾಗೇ ಇದೆ. ಇದನ್ನ ಯಾಕೆ ಇಟ್ಕೊಂಡ್ರಿ?"

"ಎಸೆಯೋಕೆ ಧೈರ್ಯ ಆಗ್ಲಿಲ್ಲ."

"ತೋರಿಸೋಕೂ ಆಗ್ಲಿಲ್ಲ."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವರು ಎದ್ದು ಹೋಗಿ ಅದನ್ನು ಬಿಗಿಮಾಡಿ ಬಂದು ಕೂತರು.

"ಆ ವಾರ್ಷಿಕೋತ್ಸವಕ್ಕೆ ಅಪ್ಪನ ಜೊತೆ ನಾನೂ ಬಂದಿದ್ದೆ," ಎಂದರು. "ನೀವು ಮೈಕಲ್ಲಿ ಹಾಗಂದಾಗ ಎದ್ದು ಹೋಗೋಣ ಬಾಪ್ಪಾ ಅಂದೆ. ಇರು, ಆ ಹುಡುಗಿ ಊದೋದು ಕೇಳ್ಬೇಕು ಅಂದ್ರು. ಎಣ್ಣೆ ಹಾಕಿ ಅಂತ ನಿಮಗೆ ಹೇಳಿದ್ರಲ್ಲ, ಅದನ್ನ ನೀವು ದೊಡ್ಡ ಮನಸ್ಸು ಅಂದ್ಕೊಂಡಿರ್ತೀರಿ."

ಹಾಗೆಯೇ ಅಂದುಕೊಂಡಿದ್ದೆ. ಇಷ್ಟು ವರ್ಷ ಅದೊಂದೇ ನನಗೆ ಸಮಾಧಾನವಾಗಿತ್ತು.

"ಬಸ್ಸಲ್ಲಿ ಒಂದು ಮಾತೂ ಆಡ್ಲಿಲ್ಲ. ಅಗಲ ಬಾಯಿಗೆ ಒಂದು ಅಚ್ಚು ಮಾಡ್ಕೊಂಡಿದ್ರಲ್ಲ, ರಿಟೈರ್ ಆದ್ಮೇಲೆ ಇನ್ನೊಂದು ಕಾರ್ನೆಟ್ ಮಾಡ್ಬೇಕು ಅಂತ ಅದಕ್ಕೆ ಪ್ರತಿ ಆಯುಧಪೂಜೆಗೂ ಕುಂಕುಮ ಇಟ್ಟು, ಗ್ರೀಸ್ ಹಚ್ಚಿ ಎತ್ತಿಡೋರು. ಮಾರನೇ ದಿನ ಬೆಳಿಗ್ಗೆ ಅದನ್ನ ಗುಜರಿಗೆ ಹಾಕಿ ಬಂದ್ರು. ನಮ್ಮವರ ಕೈಯಲ್ಲಿ ಆಗಲ್ವಂತೆ, ಇಟ್ಕೊಂಡು ಏನು ಮಾಡ್ಲಿ ಅಂದ್ರು. ಆಮೇಲೆ ಮದುವೆ ಬ್ಯಾಂಡಿನೋರು ಬಂದ್ರೂ ಮುಟ್ಟಲಿಲ್ಲ."

ಅವರು ಅಳುತ್ತಿರಲಿಲ್ಲ, ದನಿ ಏರಿಸಲೂ ಇಲ್ಲ. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಯ ಸ್ಥಿತಿ ಹೇಳುವಂತೆ ಹೇಳಿದರು. ಕ್ಷಮಿಸಿ ಎಂದೆ. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಎಷ್ಟು ಸಣ್ಣದೆಂದು ಗೊತ್ತಾಯಿತು.

"ಅದನ್ನ ನನಗೆ ಹೇಳಿ ಏನು ಪ್ರಯೋಜನ? ಚೀಟೀಲಿ ಬರೀರಿ."

"ನೀವೂ ಬನ್ನಿ. ನಿಮ್ಮ ಮುಂದೇನೇ ಬರೀತೀನಿ."

"ಬೆಳಿಗ್ಗೆ ಒಂದ್ಸಲ ಬಂದಿದ್ನಲ್ಲ. ಇನ್ನು ಬರೋದು ಸೋಮವಾರ. ಬರೆದಿದ್ದೀರೋ ಇಲ್ವೋ ಆಗ ನೋಡ್ತೀನಿ. ಹೆಸರು ಗೊತ್ತಲ್ಲ?"

ನನಗೆ ಪೂರ್ತಿ ಹೆಸರು ಗೊತ್ತಿರಲಿಲ್ಲ. ಆರೇಳು ಭಾನುವಾರ ಆ ಶೆಡ್ಡಿನಲ್ಲಿ ಕೂತಿದ್ದೆ, ಅವರ ಮನೆಯ ಕಾಫಿ ಕುಡಿದಿದ್ದೆ. ಎಲ್ಲರೂ ಕರೆಯುತ್ತಿದ್ದ ಅರ್ಧ ಹೆಸರಷ್ಟೇ ನನಗೂ ಗೊತ್ತಿದ್ದದ್ದು. ಇನಿಷಿಯಲ್ ಏನೆಂದು ಕೇಳಿದೆ. ಆ ದಿನ ನನಗೆ ಅತ್ಯಂತ ನಾಚಿಕೆಯಾದದ್ದು ಆ ಪ್ರಶ್ನೆ ಕೇಳುವಾಗ. ಅವರು ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟರು. ಗಂಟು ಕಟ್ಟಲು ಹೊರಟೆ.

"ಅದು ಇಲ್ಲೇ ಇರ್ಲಿ," ಎಂದರು. "ನಿಮ್ಮ ಅಟ್ಟದಲ್ಲಿ ಇದ್ದಿದ್ದು ಸಾಕು."

ಐದೂ ಇಪ್ಪತ್ತಕ್ಕೆ ಶಾಲೆಯ ಗೇಟು ತಲುಪಿದೆ. ಮುಖ್ಯೋಪಾಧ್ಯಾಯಿನಿ ವಾದ್ಯದ ಕೋಣೆಯಲ್ಲೇ ಕಾಯುತ್ತಿದ್ದರು. ಕಾರ್ನೆಟ್ಟನ್ನು ಹೊರತೆಗೆದು ಹಸಿರು ಬಟ್ಟೆಯ ಮೇಲಿಟ್ಟೆ. ಮೊದಲನೆಯ ಮುಚ್ಚಳ ಬಿಚ್ಚಿದೆ. ಎರಡನೆಯದನ್ನು ಬಿಚ್ಚಿದೆ. ಮೂರನೆಯದನ್ನು ಬಿಚ್ಚಿದೆ. ಮೂರನ್ನೂ ಅಂಗಾತ ಸಾಲಾಗಿ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಒಂದನೇದಕ್ಕೆ ಒಂದು, ಎರಡನೇದಕ್ಕೆ ಎರಡು ಅಂದಿದ್ರಿ ಸರ್."

"ಸುಳ್ಳು ಹೇಳಿದೆ."

ಲಾರಿಯ ಚಕ್ರದಿಂದ ಹಿಡಿದು ಗುಜರಿಗೆ ಹೋದ ಅಚ್ಚಿನವರೆಗೆ ಹೇಳಿ ಮುಗಿಸಿದೆ. ಅವರು ನನ್ನ ಶಿಷ್ಯೆಯಲ್ಲ, ಬೇರೆ ಊರಿನಿಂದ ಬಂದವರು. ಆದರೂ ಆರು ವರ್ಷಗಳಿಂದ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

"ಬೆಳಿಗ್ಗೆ ಆ ಅಮ್ಮನಿಗೆ, ಸರ್ ಹೇಳಿದ್ಮೇಲೆ ಮುಗೀತು ಅಂದೆ ನಾನು," ಎಂದರು. "ನನ್ನ ಬಾಯಿಂದ ಅನ್ನಿಸಿದ್ರಿ." ಕನ್ನಡಕ ತೆಗೆದು ಕೇಳಿದರು, "ಸೋಮವಾರದ ಸನ್ಮಾನ?"

"ಬೇಡ. ಕಮಿಟಿಯವರಿಗೆ ಕಾರಣ ನಾನೇ ಹೇಳ್ತೀನಿ. ವೇದಿಕೆ ಮೇಲೆ ಎರಡು ನಿಮಿಷ ಕೊಡಿ. ಆಗ ಮೈಕಲ್ಲಿ ಹೇಳಿದ್ದನ್ನ ಮೈಕಲ್ಲೇ ವಾಪಸ್ ತಗೋಬೇಕು."

ಅವರು ಕಪಾಟಿನಿಂದ ಹಳೆಯ ಸ್ಟಾಕ್ ರಿಜಿಸ್ಟರ್ ಹುಡುಕಿ ತಂದು, ಕೆಂಪು ಪೆನ್ನಿನ ಜೊತೆ ನನ್ನ ಮುಂದೆ ಇಟ್ಟರು.

ಪುಟ ಸಿಕ್ಕಿತು. ಇಪ್ಪತ್ತೇಳು ವರ್ಷದ ನನ್ನ ಅಕ್ಷರ ಮುತ್ತು ಜೋಡಿಸಿದಂತಿತ್ತು. "ರಿಪೇರಿಯವರಿಂದ ದುರಸ್ತಿಯಾಗಿ ಬಂದಿದೆ" ಎಂಬುದರ ಮೇಲೆ ಗೆರೆ ಎಳೆದೆ. ಕೆಳಗೆ ಬರೆದೆ: "ಮೂಲ ಕಾರ್ನೆಟ್ ನನ್ನ ಅಜಾಗರೂಕತೆಯಿಂದ ನಾಶವಾಯಿತು. ಈಗಿರುವುದು ಪೂರ್ತಿ ಹೊಸದಾಗಿ ಭದ್ರಾವತಿಯಲ್ಲಿ ತಯಾರಾದದ್ದು. ಇಷ್ಟು ವರ್ಷ ಇದನ್ನು ಮುಚ್ಚಿಟ್ಟವನು ನಾನು." ಕ್ಯಾಲೆಂಡರ್ ಹಾಳೆ ನೋಡಿಕೊಂಡು ತಯಾರಿಸಿದವರ ಹೆಸರನ್ನು ಇನಿಷಿಯಲ್ ಸಮೇತ ಸೇರಿಸಿ, ಸಹಿ ಮಾಡಿ ದಿನಾಂಕ ಹಾಕಿದೆ. ಹೊಸ ಚೀಟಿಯಲ್ಲೂ ಅದೇ ಹೆಸರು. ಮೊಟ್ಟೆಯಾಕಾರದ ತಗಡನ್ನು ತೆಗೆಸುವುದೇ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಅದರ ಬೆಸುಗೆಯೂ ಆ ಟರ್ನರ್ ಅವರದೇ ಕೆಲಸ, ಇರಲಿ ಎಂದೆ. ಅದು ಯಾಕಿದೆ ಎಂಬ ಎರಡು ಸಾಲನ್ನು ಚೀಟಿಗೆ ಸೇರಿಸಿದೆ. ಈ ಬರಹದಲ್ಲಿ ಯಾರ ಹೆಸರನ್ನೂ ಬರೆ‌ದಿಲ್ಲ. ಕಾರ್ನೆಟ್ ಮಾಡಿದವರ ಹೆಸರು ಬೇಕಾದವರು ಶಾಲೆಗೆ ಬಂದು ಆ ಚೀಟಿ ಓದಬಹುದು.

ಮುಖ್ಯೋಪಾಧ್ಯಾಯಿನಿ ರಿಜಿಸ್ಟರ್ ಹಿಡಿದುಕೊಂಡು ಆಫೀಸಿಗೆ ಹೋದರು. ಈ ಸಲ ನಾನೇ ಎದ್ದು ನಿಂತಿದ್ದೆ.

ಆ ಶನಿವಾರದ ಒರೆಸುವ ಕೆಲಸ ಬಾಕಿಯಿತ್ತು. ಮಸ್ಲಿನ್ ಬಟ್ಟೆಯಿಂದ ಮೂರೂ ಮುಚ್ಚಳಗಳ ಒಳಗನ್ನು ಒರೆಸಿದೆ, ಗೀರುಗಳ ಸಂದಿನಲ್ಲಿ ಕೂತ ಕಪ್ಪನ್ನು ಹತ್ತಿಯಿಂದ ತೆಗೆದೆ. ಒಂದನೇ ವಾಲ್ವಿಗೆ ಎರಡು ಹನಿ ಎಣ್ಣೆ, ಮೂರನೆಯದಕ್ಕೆ ಎರಡು ಹನಿ. ಎರಡನೆಯದು ಈಗಲೂ ಸ್ವಲ್ಪ ಬಿಗಿಯೇ. ಅದಕ್ಕೆ ಮೂರು ಹನಿ ಹಾಕಿ, ಸಲೀಸಾಗಿ ಮೇಲೆ ಕೆಳಗೆ ಆಗುವವರೆಗೆ ಬೆರಳಿನಿಂದ ಒತ್ತುತ್ತ ಕೂತೆ. ಮುಚ್ಚಳಗಳನ್ನು ತಿರುಗಿಸಿ ಹಾಕಿ, ಕಾರ್ನೆಟ್ಟನ್ನು ಕಪಾಟಿನಲ್ಲಿಟ್ಟು, ಆರೂ ಮೂವತ್ತೈದಕ್ಕೆ ಬೀಗ ಹಾಕಿದೆ.